ಕಾರು ಬಾರದ ದಾರಿ ಮಾಡಿದವರು

ನೆದರ್‌ಲ್ಯಾಂಡ್ಸ್ ನಮ್ಮ ಕರ್ನಾಟಕದ ಐದನೇ ಒಂದು ಪಾಲಿಗಿಂತ ಚೂರು ದೊಡ್ಡದು. ಅಷ್ಟರೊಳಗೆ ಸುಮಾರು 1.8 ಕೋಟಿ ಜನ, ಅವರ ಹಸು–ಹಂದಿಗಳು, ಗಾಜಿನ ಮನೆಗಳು, ಬಂದರು, ವಿಮಾನ ನಿಲ್ದಾಣ ಎಲ್ಲವೂ ಹಿಡಿಸಬೇಕು. ಅಂಗೈಯಗಲದ ಜಾಗಕ್ಕೂ ಅಲ್ಲಿ ಒಡೆಯನಿದ್ದಾನೆ, ನಕ್ಷೆಯಿದೆ, ಕಾನೂನಿದೆ. ಇಷ್ಟು ಕಿಕ್ಕಿರಿದ ದೇಶದಲ್ಲಿ ಜಲ್ಲಿ ಹಾಸಿದ ಕಿರುದಾರಿ ಹಿಡಿದು ಬೆಳಗಿನಿಂದ ಸಂಜೆಯವರೆಗೆ ಸೈಕಲ್ ತುಳಿದರೂ ಕಾರಿಗೆ ದಾರಿ ಬಿಡಬೇಕಾದ ಪ್ರಸಂಗ ಬರುವುದು ಅಪರೂಪ. ನದಿಯ ಪಕ್ಕ ಒಂದಷ್ಟು, ಪೈನ್ ಕಾಡಿನೊಳಗೆ ಒಂದಷ್ಟು, ಮರಳುದಿಬ್ಬಗಳ ನಡುವೆ ಒಂದಷ್ಟು. ಜಾಗಕ್ಕೆ ಇಷ್ಟು ಬರವಿರುವ ಊರಲ್ಲಿ ಇದನ್ನೆಲ್ಲ ಸೈಕಲ್ಲಿಗೆಂದು ಬಿಟ್ಟುಕೊಟ್ಟ ಪುಣ್ಯಾತ್ಮರು ಯಾರು?

ಯಾರೂ ಬಿಟ್ಟುಕೊಟ್ಟಿಲ್ಲ. ಈ ದಾರಿಗಳಲ್ಲಿ ಬಹುಪಾಲು ಸೈಕಲ್ಲಿಗೆಂದು ಹುಟ್ಟಿದವೇ ಅಲ್ಲ. ಏರಿ ಕಾಯುವವರು, ಮರಳು ಕಟ್ಟಿಹಾಕುವವರು, ಮರ ಕಡಿಯುವವರು, ಕುಡಿಯುವ ನೀರು ಸೋಸುವವರು ತಮ್ಮ ತಮ್ಮ ಕೆಲಸಕ್ಕೆ ಓಡಾಡಲು ಮಾಡಿಕೊಂಡ ದಾರಿಗಳು ಅವು. ಸೈಕಲ್ಲಿನವರು ಆಮೇಲೆ ಬಂದು ಸೇರಿಕೊಂಡರು.

ಊರೊಳಗಿನ ಕೆಂಪು ಬಣ್ಣದ ಸೈಕಲ್ ಪಥಗಳ ಕಥೆ ಬೇರೆ. 1971ರಲ್ಲಿ ಆ ದೇಶದ ರಸ್ತೆಗಳಲ್ಲಿ ಸುಮಾರು 3,300 ಜನ ಸತ್ತರು, ಅವರಲ್ಲಿ ನಾನೂರಕ್ಕೂ ಹೆಚ್ಚು ಮಕ್ಕಳು. ತಂದೆತಾಯಂದಿರು ‘ಮಕ್ಕಳ ಕೊಲೆ ನಿಲ್ಲಿಸಿ’ ಎಂದು ಬೀದಿಗಿಳಿದರು, ಹಿಂದೆಯೇ 1973ರ ತೈಲ ಬಿಕ್ಕಟ್ಟು ಬಂತು, ಸರ್ಕಾರ ಸೈಕಲ್ಲಿನ ಕಡೆ ತಿರುಗಿತು. ಇದು ಕನ್ನಡದಲ್ಲೂ ಸಾಕಷ್ಟು ಬಾರಿ ಬಂದಿರುವ ಕಥೆ. ಊರ ಹೊರಗಿನ ಜಲ್ಲಿ ದಾರಿಗಳ ಚರಿತ್ರೆ ಅದಕ್ಕಿಂತ ಹಳೆಯದು, ಅದಕ್ಕಿಂತ ಗೋಜಲಿನದು. ನನಗೆ ಹೆಚ್ಚು ಇಷ್ಟವಾದದ್ದೂ ಅದೇ.

ಮೊದಲು ಸೈಕಲ್ಲಿನ ಬಗ್ಗೆ ಎರಡು ಮಾತು. ಇಂಥ ಜಲ್ಲಿ ದಾರಿಗೆಂದೇ ಇರುವ ಗ್ರಾವೆಲ್ ಬೈಕಿಗೆ ರೇಸ್ ಸೈಕಲ್ಲಿನಂತೆ ಕೆಳಗೆ ಬಾಗಿದ ಹ್ಯಾಂಡಲ್ ಇರುತ್ತದೆ, ಟೈರು ಮಾತ್ರ 40 ಮಿಲಿಮೀಟರ್ ಆಸುಪಾಸಿನ ಅಗಲ. ಡಿಸ್ಕ್ ಬ್ರೇಕು, ಏರು ಹತ್ತಲು ಹಗುರ ಗೇರು. ಅಮೆರಿಕದ ಕಾನ್ಸಸ್ ಸೀಮೆಯ ಎಂಪೋರಿಯಾದಲ್ಲಿ 2006ರಲ್ಲಿ ಹೊಲಗಳ ನಡುವಿನ ಜಲ್ಲಿ ರಸ್ತೆಯ ಮೇಲೆ ಶುರುವಾದ 200 ಮೈಲಿಯ ಪಂದ್ಯ ಇದಕ್ಕೆ ಹೆಸರು ತಂದಿತು. 2022ರ ಹೊತ್ತಿಗೆ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಇದಕ್ಕೊಂದು ವಿಶ್ವ ಚಾಂಪಿಯನ್‌ಷಿಪ್ಪನ್ನೇ ಇಟಲಿಯಲ್ಲಿ ನಡೆಸಿತು. ಸೈಕಲ್ ಅಂಗಡಿಯವರು ಫ್ರೇಮಿನ ಬಗ್ಗೆ, ಕಾರ್ಬನ್ನಿನ ಬಗ್ಗೆ ಗಂಟೆಗಟ್ಟಲೆ ಹೇಳುತ್ತಾರೆ. ನಿಜವಾದ ಗುಟ್ಟಿರುವುದು ಟೈರಿನ ಗಾಳಿಯಲ್ಲಿ. ಗಟ್ಟಿ ಟೈರು ಪ್ರತಿ ಕಲ್ಲಿಗೂ ಪುಟಿಯುತ್ತದೆ, ಪುಟಿದಾಗಲೆಲ್ಲ ನೀವು ತುಳಿದ ಶಕ್ತಿ ಮೇಲಕ್ಕೆ ಹೋಗಿ ವ್ಯರ್ಥವಾಗುತ್ತದೆ. ಕೊಂಚ ಗಾಳಿ ಇಳಿಸಿದ ಟೈರು ಕಲ್ಲನ್ನು ಒಳಗೆ ತೆಗೆದುಕೊಂಡು ಸುತ್ತಿಕೊಂಡು ಸಾಗುತ್ತದೆ. ಸವಾರನ ತೂಕ ನೋಡಿಕೊಂಡು ಜಲ್ಲಿಯ ಮೇಲೆ 35–40 ಪಿಎಸ್‌ಐ ಇಟ್ಟುಕೊಳ್ಳುವವರು ಸಡಿಲ ಮರಳು ಬಂದಾಗ ಇನ್ನೂ ಹತ್ತು ಇಳಿಸುತ್ತಾರೆ. ಪಂಪು ಜೊತೆಗಿದ್ದರಾಯಿತು.

ನದಿಯಿಂದ ಶುರು ಮಾಡೋಣ. ಜರ್ಮನಿಯಿಂದ ಬರುವ ರೈನ್ ಗಡಿ ದಾಟಿದ ಕೂಡಲೇ ಕವಲೊಡೆಯುತ್ತದೆ. ಮೂರನೇ ಎರಡು ಪಾಲು ನೀರು ವಾಲ್ ನದಿಯಾಗಿ ಪಶ್ಚಿಮಕ್ಕೆ ಹೋಗುತ್ತದೆ. ಉಳಿದದ್ದು ಆರ್ನೆಮ್ ಊರಿನ ಹತ್ತಿರ ಮತ್ತೆ ಎರಡಾಗಿ, ಚಿಕ್ಕ ಕವಲು ಐಸೆಲ್ ಎಂಬ ಹೆಸರಿನಲ್ಲಿ ಉತ್ತರಕ್ಕೆ ತಿರುಗುತ್ತದೆ. ಸುಟ್‌ಫೆನ್, ಡೇವೆಂಟರ್, ಕಾಂಪೆನ್ ಎಂಬ ಹಳೆಯ ವ್ಯಾಪಾರದ ಊರುಗಳನ್ನು ಮುಟ್ಟುತ್ತಾ ಸಾಗುವ ಐಸೆಲ್ ಕಣಿವೆ ಸೈಕಲ್ಲಿಗೆ ಹೇಳಿ ಮಾಡಿಸಿದ್ದು.

ಅಲ್ಲಿ ಒಂದು ನದಿಗೆ ಎರಡು ಜೊತೆ ಏರಿ. ನೀರಿಗೆ ಹತ್ತಿರ ಗಿಡ್ಡನೆಯ ಬೇಸಿಗೆ ಏರಿ, ದೂರದಲ್ಲಿ ಎತ್ತರದ ಚಳಿಗಾಲದ ಏರಿ. ನಡುವಿನ ಹುಲ್ಲುಗಾವಲು ಮಳೆ ಸುರಿಯುವ, ಹಿಮ ಕರಗುವ ಕಾಲದಲ್ಲಿ ನದಿಯದ್ದು, ಉಳಿದ ಕಾಲದಲ್ಲಿ ಹಸುಗಳದ್ದು. ಎತ್ತರದ ಏರಿಯ ಬುಡದಲ್ಲೋ ಹೆಗಲಿನಲ್ಲೋ ಒಂದು ಕಿರುದಾರಿ ಓಡುತ್ತದೆ. ಏರಿ ಬಿರುಕು ಬಿಟ್ಟಿದೆಯೇ, ನೀರು ಒಸರುತ್ತಿದೆಯೇ, ಮಸ್ಕ್‌ರಾಟ್ ಎಂಬ ನೀರಿಲಿ ಬಿಲ ಕೊರೆದಿದೆಯೇ ಎಂದು ನೋಡಿಕೊಂಡು ಹೋಗಲು ಇರುವ ದಾರಿ. ಈ ಇಲಿ ಉತ್ತರ ಅಮೆರಿಕದ್ದು. ತುಪ್ಪಳಕ್ಕೆಂದು ಯೂರೋಪಿಗೆ ತಂದದ್ದು ತಪ್ಪಿಸಿಕೊಂಡು ಬೆಳೆಯಿತು. ಅದನ್ನು ಹಿಡಿಯುವುದೇ ನೌಕರಿಯಾಗಿರುವ ಜನ ಅಲ್ಲಿದ್ದಾರೆ. ಏರಿಯ ಇಳಿಜಾರಿನಲ್ಲಿ ಕುರಿ ಮೇಯಿಸುವುದೂ ಸುಮ್ಮನೆ ಅಲ್ಲ. ಹಸುವಿನ ಗೊರಸು ಹುಲ್ಲುನೆಲವನ್ನು ಕಿತ್ತುಹಾಕುತ್ತದೆ, ಕುರಿಯ ಕಾಲು ಅದನ್ನು ಮೆದುವಾಗಿ ಒತ್ತಿ ಬಿಗಿ ಮಾಡುತ್ತದೆ.

ಈ ದಾರಿ ಶುರುವಾಗುವಲ್ಲಿ ನಡುಮಧ್ಯೆ ಮೊಣಕಾಲೆತ್ತರದ ಒಂದು ಕಂಬ, ಕಂಬದ ಬುಡಕ್ಕೆ ಬೀಗ. ಕೀಲಿ ಇರುವುದು ಏರಿ ನೋಡಿಕೊಳ್ಳುವವರ ಜೀಪಿನಲ್ಲಿ. ಅವರು ಇಳಿದು, ಕಂಬ ಮಡಚಿ, ದಾಟಿ, ಮತ್ತೆ ನಿಲ್ಲಿಸಿ ಹೋಗುತ್ತಾರೆ. ಸೈಕಲ್ಲು ಎರಡೂ ಪಕ್ಕ ನುಸುಳುತ್ತದೆ, ಕಾರು ನುಸುಳುವುದಿಲ್ಲ. ಕಾರಿಲ್ಲದ ದಾರಿಯ ತಂತ್ರಜ್ಞಾನ ಇಷ್ಟೇ. ಕತ್ತಲಲ್ಲಿ ಗಮನಿಸದೆ ಇದೇ ಕಂಬಕ್ಕೆ ಗುದ್ದಿಕೊಂಡು ಮೂಳೆ ಮುರಿದುಕೊಂಡವರೂ ಸಾಕಷ್ಟಿದ್ದಾರೆ. ಅದಕ್ಕೇ ಈಚೆಗೆ ಅಗತ್ಯವಿಲ್ಲದ ಕಡೆ ಕಂಬ ಕೀಳುತ್ತಿದ್ದಾರೆ, ಇರಲೇಬೇಕಾದ ಕಡೆ ಮುಂಚಿತವಾಗಿಯೇ ನೆಲದ ಮೇಲೆ ಬಿಳಿ ಉಬ್ಬುಪಟ್ಟೆ ಎಳೆಯುತ್ತಿದ್ದಾರೆ.

ಐಂಡ್‌ಹೋವನ್‌ನಲ್ಲಿ ಕೆಲಸ ಮಾಡುವ ಗೆಳೆಯನೊಬ್ಬನ ತಾಯಿ ಪಾಂಡವಪುರ ತಾಲ್ಲೂಕಿನವರು. ಮಗನ ಮನೆಗೆ ಬಂದವರನ್ನು ಬಾಡಿಗೆ ಎಲೆಕ್ಟ್ರಿಕ್ ಸೈಕಲ್ ಹತ್ತಿಸಿ ಐಸೆಲ್ ಏರಿಗೆ ಕರೆದುಕೊಂಡು ಹೋಗಿದ್ದೆವು. ಅರ್ಧ ದಾರಿಯಲ್ಲಿ ಸೈಕಲ್ ನಿಲ್ಲಿಸಿ, ಎರಡೂ ಕಡೆ ನೋಡಿ, “ಅಲ್ಲ ಕಣ್ ಮಗಾ, ಇದು ನಮ್ಮ ನಾಲೆ ಏರಿ ಇದ್ದಂಗೇ ಐತಲ್ಲಾ. ನೀರಗಂಟಿ ಎಲ್ಲವ್ನೆ?” ಎಂದರು.

“ಇಲ್ಲಿ ನೀರಗಂಟಿಗೆ ಎಲೆಕ್ಷನ್ನೇ ನಡೀತದೆ ಕಣವ್ವಾ,” ಎಂದ ಮಗ.

ತಮಾಷೆಗೆ ಹೇಳಿದ್ದಾದರೂ ಸುಳ್ಳಲ್ಲ. ಏರಿ, ಕಾಲುವೆ, ನೀರಿನ ಮಟ್ಟ ನೋಡಿಕೊಳ್ಳುವ ಜಲಮಂಡಳಿಗಳು ಅಲ್ಲಿ ಸರ್ಕಾರಕ್ಕಿಂತ ಹಳೆಯವು. ರೈನ್‌ಲ್ಯಾಂಡ್ ಮಂಡಳಿಯ ದಾಖಲೆ 1255ರಷ್ಟು ಹಿಂದಕ್ಕೆ ಹೋಗುತ್ತದೆ. ಈಗ ದೇಶದಲ್ಲಿ 21 ಮಂಡಳಿಗಳಿವೆ. ಜನರಿಂದ ನೇರ ತೆರಿಗೆ ಎತ್ತುತ್ತವೆ, ನಾಲ್ಕು ವರ್ಷಕ್ಕೊಮ್ಮೆ ಚುನಾವಣೆ. ಏರಿಯ ಮೇಲಿನ ಜಲ್ಲಿ ಎಲ್ಲಿ ಕಿತ್ತುಹೋಗಿದೆ ಎಂಬುದು ಹೀಗೆ ಮತದಾರರ ವಿಷಯವೂ ಆಗುತ್ತದೆ.

1995ರ ಚಳಿಗಾಲದಲ್ಲಿ ನದಿಗಳು ಏರಿಯ ನೆತ್ತಿಗೆ ಬಂದವು. ಏರಿ ಒಡೆದೀತೆಂದು ಸುಮಾರು ಎರಡೂವರೆ ಲಕ್ಷ ಜನರನ್ನು, ಅವರ ದನಕರುಗಳ ಸಮೇತ, ಊರು ಬಿಡಿಸಿದರು. ಏರಿ ಒಡೆಯಲಿಲ್ಲ. ಆದರೆ ಏಳು ನೂರು ವರ್ಷ ಏರಿಯನ್ನು ಎತ್ತರಿಸುತ್ತಲೇ ಬಂದವರು ಆಗ ಮೊದಲ ಬಾರಿಗೆ ಬೇರೆ ದಿಕ್ಕಿನಲ್ಲಿ ಯೋಚಿಸಿದರು: ನದಿಯನ್ನು ಇನ್ನೂ ಇರುಕುವ ಬದಲು ಅದಕ್ಕೆ ಜಾಗ ಬಿಡೋಣ. ‘ನದಿಗೆ ಜಾಗ’ ಎಂಬ ಯೋಜನೆಯಲ್ಲಿ ಮೂವತ್ತಕ್ಕೂ ಹೆಚ್ಚು ಕಡೆ ಏರಿ ಹಿಂದಕ್ಕೆ ಸರಿಯಿತು, ನದಿಪಾತ್ರ ಆಳವಾಯಿತು, ಪಕ್ಕಕಾಲುವೆ ತೋಡಲಾಯಿತು. ಸುಮಾರು 230 ಕೋಟಿ ಯೂರೋ ಖರ್ಚು. ನೈಮೇಗನ್ ಊರಿನ ಎದುರು ದಡದಲ್ಲಿ ಏರಿಯನ್ನು 350 ಮೀಟರ್ ಒಳಕ್ಕೆ ತಳ್ಳಿದಾಗ ಐವತ್ತರಷ್ಟು ಮನೆಗಳು ಹೋದವು. ಆ ಮನೆಯವರು ಸಂತೋಷದಿಂದ ಹೋದರೆಂದು ಯಾರೂ ಹೇಳುವುದಿಲ್ಲ. ನದಿಗೆ ಬಿಟ್ಟ ಜಾಗದಲ್ಲಿ ಈಗ ಹೊಸದೊಂದು ದ್ವೀಪ, ಮರಳ ದಂಡೆ, ಸೇತುವೆ, ಅದರ ಮೇಲೆಲ್ಲ ಸೈಕಲ್ಲು. ರಜೆಯ ದಿನ ಮಕ್ಕಳು ಈಜಾಡುವ ಆ ನೀರಿನ ಕೆಳಗೆ ಇನ್ನೊಂದು ಕಾಲದ ಹಿತ್ತಿಲುಗಳಿವೆ.

ಐಸೆಲ್ ಏರಿ ಬಿಟ್ಟು ಪಶ್ಚಿಮಕ್ಕೆ ತಿರುಗಿದರೆ ನೆಲ ಏಳತೊಡಗುತ್ತದೆ. ಏಳುತ್ತದೆ ಎಂದರೆ ಹೆದರಬೇಡಿ, ಅತ್ಯಂತ ಎತ್ತರದ ಜಾಗವೂ 110 ಮೀಟರ್. ಫೆಲುವೆ ಎಂಬ ಈ ಪ್ರದೇಶ ಹಿಮಯುಗದಲ್ಲಿ, ಸುಮಾರು ಒಂದೂವರೆ ಲಕ್ಷ ವರ್ಷಗಳ ಹಿಂದೆ, ಹಿಮದ ಗೋಡೆ ಮುಂದೆ ತಳ್ಳಿಕೊಂಡು ಬಂದು ಬಿಟ್ಟುಹೋದ ಮರಳು–ಕಲ್ಲಿನ ರಾಶಿ. ಈಗ ದೇಶದ ಅತಿ ದೊಡ್ಡ ಕಾಡು ಇಲ್ಲಿದೆ. ನೇರ ಸಾಲುಗಳಲ್ಲಿ ನಿಂತ ಪೈನು, ಅದರ ನಡುವೆ ಗೆರೆ ಎಳೆದಂತೆ ಹೋಗುವ ದಾರಿ, ಮಧ್ಯೆ ಮಧ್ಯೆ ನೇರಳೆ ಹೂವಿನ ಹೆದರ್ ಬಯಲು, ಇದ್ದಕ್ಕಿದ್ದಂತೆ ರಾಜಸ್ಥಾನದ ತುಂಡೊಂದು ಬಿದ್ದಂತೆ ಬರಿ ಮರಳು.

ಕಡಲಿನಿಂದ ಇಷ್ಟು ದೂರ ಮರಳುದಿಬ್ಬ ಎಲ್ಲಿಂದ ಬಂತು? ಇದರ ಉತ್ತರ ಮಲೆನಾಡಿನ ಅಡಿಕೆ ಬೆಳೆಗಾರರಿಗೆ ಬೇಗ ಅರ್ಥವಾಗುತ್ತದೆ. ಸೊಪ್ಪಿನ ಬೆಟ್ಟದಿಂದ ಸೊಪ್ಪು–ದರಕು ತಂದು ಕೊಟ್ಟಿಗೆಗೆ ಹಾಸಿ, ಸಗಣಿ ಗಂಜಲ ಬೆರೆತ ಮೇಲೆ ತೋಟಕ್ಕೆ ಹೊರುವ ಪದ್ಧತಿ ನಮ್ಮಲ್ಲಿದೆಯಲ್ಲ, ಫೆಲುವೆಯ ರೈತರೂ ಶತಮಾನಗಳ ಕಾಲ ಅದನ್ನೇ ಮಾಡಿದರು. ಒಂದೇ ವ್ಯತ್ಯಾಸ, ಅವರು ಸೊಪ್ಪು ಕಡಿಯಲಿಲ್ಲ. ಹೆದರ್ ಗಿಡವನ್ನು ಬೇರು–ಮೇಲ್ಮಣ್ಣಿನ ಸಮೇತ ಗುದ್ದಲಿಯಿಂದ ಕೆತ್ತಿ ತೆಗೆದರು. ಅದನ್ನು ಕುರಿಹಟ್ಟಿಗೆ ಹಾಸಿದರು, ಗೊಬ್ಬರ ಮಾಡಿ ರೈ ಹೊಲಕ್ಕೆ ಹೊತ್ತರು. ಒಂದು ಹೊಲ ಹಸನಾಗಿರಲು ಅದರ ಹಲವು ಪಟ್ಟು ಬಯಲು ಬೋಳಾಗಬೇಕಿತ್ತು. ಕೆತ್ತಿದ ಜಾಗದಲ್ಲಿ ಕುರಿಗಳೂ ಮೇದವು. ಕೆಳಗಿನ ಹಿಮಯುಗದ ಮರಳು ಬಯಲಿಗೆ ಬಂತು, ಗಾಳಿ ಅದನ್ನು ಎತ್ತಿಕೊಂಡಿತು. ಹೊಲ, ದಾರಿ, ಕೆಲವು ಕಡೆ ಊರುಗಳೇ ಮರಳಿನಡಿ ಹೋದವು. ಈ ಮರುಭೂಮಿ ಪ್ರಕೃತಿ ಮಾಡಿದ್ದಲ್ಲ, ಗೊಬ್ಬರದ ಆಸೆ ಮಾಡಿದ್ದು.

19ನೇ ಶತಮಾನದ ಕೊನೆಗೆ ಆಸ್ಟ್ರೇಲಿಯಾದ ಉಣ್ಣೆ ಬಂದು ಕುರಿ ಸಾಕಣೆ ಬಿತ್ತು, ರಾಸಾಯನಿಕ ಗೊಬ್ಬರ ಬಂದು ಹಟ್ಟಿಗೊಬ್ಬರವೂ ಬೇಡವಾಯಿತು. ಬೇಡವಾದ ಬಯಲಿನ ಮೇಲೆ ಸರ್ಕಾರದ ಕಣ್ಣು ಬಿತ್ತು. 1899ರಲ್ಲಿ ಹುಟ್ಟಿದ ಅರಣ್ಯ ಇಲಾಖೆಯ ಮೊದಲ ದೊಡ್ಡ ಕೆಲಸಗಳಲ್ಲಿ ಒಂದು ಕೋಟ್‌ವೈಕ್ ಊರಿನ ಸುತ್ತ ಹಾರುವ ಮರಳಿಗೆ ಪೈನ್ ನೆಟ್ಟು ಕಟ್ಟಿಹಾಕುವುದು. ನೆಡುವಾಗ ಚೌಕ ಚೌಕವಾಗಿ ನೆಟ್ಟರು. ಚೌಕಗಳ ನಡುವೆ ಗಾಡಿ ಹೋಗಲು, ಬೆಂಕಿ ಹರಡದಂತೆ ತಡೆಯಲು ನೇರ ಓಣಿ ಬಿಟ್ಟರು. ಇಂದು ಸೈಕಲ್ಲಿನವರು ಹಾಡಿ ಹೊಗಳುವ, ಕಣ್ಣು ಹೋಗುವಷ್ಟು ದೂರ ಸೀದಾ ಸಾಗುವ ಕಾಡುದಾರಿಗಳು ಅವೇ.

ಆ ಪೈನ್ ಮರಗಳಲ್ಲಿ ಬಹಳಷ್ಟು ಹೋದದ್ದು ದಕ್ಷಿಣದ ಲಿಂಬರ್ಗ್ ಸೀಮೆಯ ಕಲ್ಲಿದ್ದಲು ಗಣಿಗಳಿಗೆ, ಸುರಂಗದ ಚಾವಣಿಗೆ ಊರುಗಂಬವಾಗಿ. ಪೈನೇ ಯಾಕೆ? ಮುರಿಯುವ ಮೊದಲು ಅದು ಕಿರುಗುಟ್ಟುತ್ತದೆ. ಆ ಸದ್ದು ಕೇಳಿ ಗಣಿಯವರು ಓಡಲು ಒಂದಿಷ್ಟು ಸಮಯ ಸಿಗುತ್ತಿತ್ತು. ಡಚ್ ಗಣಿಗಳು 1974ರ ಹೊತ್ತಿಗೆ ಮುಚ್ಚಿದವು. ಗಡಿಯಾಚೆಗಿನ ಬೆಲ್ಜಿಯಂನ ಲಿಂಬರ್ಗಿನಲ್ಲಿ 1992ರವರೆಗೆ ನಡೆದವು.

ಆ ಬೆಲ್ಜಿಯಂ ಗಣಿಗಳಲ್ಲಿ ಎಂಜಿನಿಯರ್ ಆಗಿದ್ದವರು ಹ್ಯೂಗೋ ಬೋಲನ್. ನೆಲದಡಿಯಲ್ಲಿ ಎಡ–ಬಲ, ಊರು–ಕೇರಿ ಯಾವುದೂ ಗೊತ್ತಾಗುವುದಿಲ್ಲ. ಸುರಂಗಗಳು ಕೂಡುವಲ್ಲೆಲ್ಲ ಒಂದು ಸಂಖ್ಯೆ ಬರೆದಿರುತ್ತಾರೆ, ಆ ಸಂಖ್ಯೆ ಹಿಡಿದೇ ಓಡಾಟ. ಇದನ್ನೇ ನೆಲದ ಮೇಲೆ ಯಾಕೆ ಮಾಡಬಾರದು ಎಂದು ಅವರಿಗೆ ಹೊಳೆಯಿತು. ಸೈಕಲ್ ದಾರಿಗಳು ಸೇರುವ ಪ್ರತಿ ಜಾಗಕ್ಕೂ ಒಂದು ಸಂಖ್ಯೆ. 1995ರಲ್ಲಿ ಬೆಲ್ಜಿಯಂನ ಲಿಂಬರ್ಗಿನಲ್ಲಿ ಶುರುವಾದ ಈ ಪದ್ಧತಿ ಕೆಲವೇ ವರ್ಷಗಳಲ್ಲಿ ಗಡಿ ದಾಟಿ ನೆದರ್‌ಲ್ಯಾಂಡ್ಸ್ ತುಂಬ ಹಬ್ಬಿತು, ಜರ್ಮನಿಗೂ ಹೋಯಿತು. ಬೆಳಿಗ್ಗೆ ನಕ್ಷೆ ನೋಡಿ ‘23, 57, 8, 41’ ಎಂದು ಒಂದು ಚೀಟಿಯಲ್ಲಿ ಬರೆದು ಸೈಕಲ್ಲಿನ ಅಡ್ಡಕಂಬಿಗೆ ಟೇಪು ಹಚ್ಚಿಕೊಂಡರೆ ಮುಗಿಯಿತು. ಮೊಬೈಲ್ ಜೇಬಿನಲ್ಲೇ ಇರಲಿ. ಚಿಕ್ಕ ಹಲಗೆಗಳು ಒಂದಾದ ಮೇಲೊಂದು ಮುಂದಿನ ಸಂಖ್ಯೆ ತೋರಿಸುತ್ತಾ ಹೋಗುತ್ತವೆ. ಫೆಲುವೆಯ ಪೈನು ಗಣಿಗೆ ಇಳಿಯಿತು, ಗಣಿಯ ಲೆಕ್ಕಾಚಾರ ಫೆಲುವೆಯ ಕಾಡಿಗೆ ಹತ್ತಿ ಬಂತು. ಹೀಗೊಂದು ಕೊಡುಕೊಳೆ ಬೇಕೆಂದರೂ ಯಾರಿಗೂ ಕಲ್ಪಿಸಿ ಬರೆಯಲಾಗದು.

ಮರಳಿಗೆ ವಾಪಸ್ ಬರುತ್ತೇನೆ. ಪೈನ್ ನೆಡುವ ಕೆಲಸ ಎಷ್ಟು ಚೆನ್ನಾಗಿ ನಡೆಯಿತೆಂದರೆ ಹಾರುವ ಮರಳೇ ಅಪರೂಪವಾಯಿತು. ಕೋಟ್‌ವೈಕ್ ಮರಳು ಈಗ ಸುಮಾರು 700 ಹೆಕ್ಟೇರ್. ಒಳನಾಡಿನ ಹಾರುಮರಳಿಗೆ ಪಶ್ಚಿಮ ಯೂರೋಪಿನಲ್ಲಿ ಅದೇ ದೊಡ್ಡದು. ಇಂಥ ಬರಿ ಮರಳನ್ನೇ ನೆಚ್ಚಿ ಬದುಕುವ ಕೀಟ, ಕಲ್ಲುಹೂವು, ಹಕ್ಕಿಗಳು ಅಲ್ಲಿವೆ. ಸುತ್ತಲಿನ ಹಂದಿ–ಕೋಳಿ ಸಾಕಣೆಯಿಂದ ಗಾಳಿಗೆ ಸೇರುವ ಅಮೋನಿಯ ಮಳೆಯೊಂದಿಗೆ ಇಳಿದು ಮರಳಿಗೇ ಗೊಬ್ಬರವಾಗುತ್ತದೆ, ಪಾಚಿ ಹುಲ್ಲು ಹಬ್ಬುತ್ತವೆ, ಮರಳು ನಿಂತುಬಿಡುತ್ತದೆ. ಹಾಗಾಗಿ ಅಜ್ಜಂದಿರು ನೆಟ್ಟ ಪೈನನ್ನು ಮೊಮ್ಮಕ್ಕಳು ಸರ್ಕಾರದ ದುಡ್ಡಿನಲ್ಲೇ ಕಡಿಯುತ್ತಿದ್ದಾರೆ, ಗಾಳಿ ಬೀಸಲಿ, ಮರಳು ಮತ್ತೆ ಹಾರಲಿ ಎಂದು. ಕಾಡು ಕಡಿಯುವುದನ್ನು ಕಂಡು ಊರಿನವರು ಸಿಟ್ಟಾಗುವುದೂ ಇದೆ. ಅವರ ಪಾಲಿಗೆ ಕಾಡೆಂದರೆ ಅಜ್ಜನ ಪೈನೇ.

ಆ ಮರಳಿನ ಅಂಚಿನಲ್ಲಿ ಸೈಕಲ್ ಓಡಿಸುವುದು ಬೇರೆಯೇ ವಿದ್ಯೆ. ಮುಂದಿನ ಚಕ್ರ ಹೂತ ಕೂಡಲೇ ಕೈ ತಾನಾಗಿ ಹ್ಯಾಂಡಲ್ ತಿರುಗಿಸಲು ಹೋಗುತ್ತದೆ. ತಿರುಗಿಸಿದಿರೋ, ಬಿದ್ದಿರಿ. ಸೀಟಿನ ಮೇಲೆ ಕೊಂಚ ಹಿಂದೆ ಸರಿದು, ಹ್ಯಾಂಡಲ್ಲನ್ನು ಸಡಿಲವಾಗಿ ಹಿಡಿದು, ಚಕ್ರದತ್ತ ನೋಡದೆ ದೂರದ ಗಟ್ಟಿ ನೆಲದತ್ತ ಕಣ್ಣಿಟ್ಟು, ಒಂದು ಗೇರು ಭಾರ ಮಾಡಿಕೊಂಡು, ಬ್ರೇಕು ಮುಟ್ಟದೆ ತುಳಿಯುತ್ತಲೇ ಇರಬೇಕು. ಸೈಕಲ್ಲು ಹಾವಿನಂತೆ ಹೊಯ್ದಾಡುತ್ತದೆ, ಹೊಯ್ದಾಡಲಿ. ತುಳಿಯುವುದು ನಿಂತರೆ ಮಾತ್ರ ಇಳಿದು ತಳ್ಳುವುದೇ ಗತಿ.

ಎಲ್ಲ ದಾರಿಯೂ ಕೆಲಸದವರದೇ ಎಂದರೆ ಅತಿಯಾದೀತು. ಕೆಲವು ನಿಜಕ್ಕೂ ಸುಖಕ್ಕೆಂದು ಮಾಡಿದವು. ಇಂದು ಕಾರಿನವರ ಸಂಘವೆಂದು ಹೆಸರಾಗಿರುವ ಎಎನ್‌ಡಬ್ಲ್ಯುಬಿ 1883ರಲ್ಲಿ ಹುಟ್ಟಿದ್ದು ಸೈಕಲ್ ಸವಾರರ ಸಂಘವಾಗಿ. ಮೋಟಾರು ಬಂದು ರಸ್ತೆಯ ಧೂಳೆಬ್ಬಿಸತೊಡಗಿದಾಗ ಊರೂರಿನಲ್ಲಿ ಸೈಕಲ್‌ದಾರಿ ಸಂಘಗಳು ಎದ್ದವು. ವರ್ಷಕ್ಕೊಂದಿಷ್ಟು ಚಂದಾ ಎತ್ತಿ, ಜಮೀನುದಾರರ ಒಪ್ಪಿಗೆ ಪಡೆದು ಹೆದರ್ ಬಯಲಿನಲ್ಲಿ ಕಿರಿದಾದ ದಾರಿ ಹಾಕಿಸಿದವು. ಕಾಡಿನ ಕೂಡುದಾರಿಗಳಲ್ಲಿ ಅಣಬೆಯಂತೆ ನೆಲಕ್ಕೆ ಕೂತಿರುವ ಗಿಡ್ಡನೆಯ ಕೈಮರಗಳು 1919ರಿಂದಲೂ ಇವೆ. ಅವನ್ನು ಓದಲು ಸೈಕಲ್ ಇಳಿದು ಬಗ್ಗಬೇಕು, ಆತುರವಿಲ್ಲದವರಿಗೆಂದೇ ಮಾಡಿದಂತಿವೆ.

ಫೆಲುವೆಯೊಳಗೇ ಬೇಲಿ ಹಾಕಿದ ಇನ್ನೊಂದು ಲೋಕ ದ ಹೋಗೆ ಫೆಲುವೆ ಉದ್ಯಾನ, ಸುಮಾರು 5,400 ಹೆಕ್ಟೇರ್. ಹಡಗು ಮತ್ತು ಅದಿರು ವ್ಯಾಪಾರದ ಕ್ರೋಲರ್ ದಂಪತಿಯಲ್ಲಿ ಗಂಡನಿಗೆ ಬೇಟೆಯ ಹುಚ್ಚು, ಹೆಂಡತಿ ಹೆಲೆನಾಗೆ ಚಿತ್ರಗಳ ಹುಚ್ಚು. ವ್ಯಾಪಾರ ಸೋತಾಗ 1930ರ ದಶಕದಲ್ಲಿ ಕಾಡು ಪ್ರತಿಷ್ಠಾನಕ್ಕೆ ಹೋಯಿತು, ಚಿತ್ರಗಳು ಸರ್ಕಾರಕ್ಕೆ. 1938ರಲ್ಲಿ ಕಾಡಿನ ನಡುವೆ ತೆರೆದ ಮ್ಯೂಸಿಯಂನಲ್ಲಿ ವ್ಯಾನ್ ಗೋನ ಸುಮಾರು 90 ವರ್ಣಚಿತ್ರಗಳಿವೆ. ಟಿಕೆಟ್ ಕೊಂಡವರಿಗೆಲ್ಲ ಬಿಳಿ ಬಣ್ಣದ ಸೈಕಲ್ಲು ಬಿಟ್ಟಿ. ಗೇಟಿನಲ್ಲಿ ಸಾಲಾಗಿ ನಿಂತಿರುತ್ತವೆ, ಎತ್ತಿಕೊಂಡು ಹೋಗುವುದು, ಮತ್ತೆ ಸೈಕಲ್ ನಿಲ್ದಾಣದಲ್ಲಿ ಬಿಡುವುದು. ಒಟ್ಟು 1,800 ಇವೆ. ಗೇರಿಲ್ಲ, ಪೆಡಲನ್ನು ಹಿಂದಕ್ಕೆ ತುಳಿದರೆ ಬ್ರೇಕು. ಸಾವಿರಾರು ಯೂರೋದ ಗ್ರಾವೆಲ್ ಬೈಕ್ ತಂದವರು ಒಂದು ಗಂಟೆ ಇದನ್ನು ತುಳಿದು ನೋಡಬೇಕು, ಖರೀದಿಯ ಬಗ್ಗೆ ಅನುಮಾನ ಬರುವುದು ಖಂಡಿತ. ಅಂದಹಾಗೆ ಫೆಲುವೆಗೆ ತೋಳವೂ ಮರಳಿದೆ. 2019ರಲ್ಲಿ ಮರಿ ಹಾಕಿದಾಗ ಸುಮಾರು ಒಂದೂವರೆ ಶತಮಾನದ ನಂತರ ಆ ದೇಶದಲ್ಲಿ ಹುಟ್ಟಿದ ಮೊದಲ ತೋಳಮರಿಗಳು ಅವು. ಕುರಿಗಾರರಿಗೂ ಪರಿಸರದವರಿಗೂ ಅಂದಿನಿಂದ ಜಗಳ ನಿಂತಿಲ್ಲ.

ಕಡಲ ಕಡೆಯ ದಿಬ್ಬಗಳದ್ದು ನೀರಿನ ಕಥೆ. 19ನೇ ಶತಮಾನದ ಆಮ್ಸ್ಟರ್‌ಡಾಂನಲ್ಲಿ ಕಾಲುವೆ ತುಂಬ ಕೊಳಕು, ಕುಡಿಯುವ ನೀರು ದೋಣಿಯಲ್ಲಿ ಬರಬೇಕು, ಮೇಲೆ ಕಾಲರಾ. ಕಡಲಂಚಿನ ದಿಬ್ಬಗಳ ಮರಳಿನಲ್ಲಿ ಮಳೆನೀರು ಸೋಸಿ ನಿಂತಿರುತ್ತದೆ, ಅದನ್ನು ಕೊಳವೆಯಲ್ಲಿ ತರೋಣ ಎಂದು ಹೊರಟವರ ಮುಂದಾಳು ಯಾಕೊಬ್ ಫಾನ್ ಲೆನ್ನೆಪ್ ಎಂಬ ಕಾದಂಬರಿಕಾರ. ದುಡ್ಡು ಬಂದದ್ದು ಇಂಗ್ಲೆಂಡಿನಿಂದ. 1853ರಲ್ಲಿ ನೀರು ಬಂತು, ಬಕೆಟ್ಟಿಗೆ ಒಂದು ಸೆಂಟ್. ನೂರು ವರ್ಷ ಎತ್ತಿದ್ದೇ ಎತ್ತಿದ್ದು, ಸಿಹಿನೀರು ಬತ್ತಿ ಕೆಳಗಿನಿಂದ ಉಪ್ಪುನೀರು ಮೇಲೇರತೊಡಗಿತು. 1957ರಿಂದ ರೈನ್ ನದಿಯ ನೀರನ್ನು ಒಂದು ಸುತ್ತು ಶುದ್ಧ ಮಾಡಿ ದಿಬ್ಬಗಳಿಗೆ ತಂದು ತೋಡುಗಳಲ್ಲಿ ಬಿಡುತ್ತಿದ್ದಾರೆ. ಅದು ಎರಡು–ಮೂರು ತಿಂಗಳು ಮರಳಿನೊಳಗೆ ಇಳಿಯುತ್ತಾ, ರೋಗಾಣು ಕಳೆದುಕೊಳ್ಳುತ್ತಾ ಆಚೆ ಬದಿಯಲ್ಲಿ ಒಸರುತ್ತದೆ. ಆರ್ನೆಮ್ ಹತ್ತಿರ ನಾವು ಬಿಟ್ಟು ಬಂದ ನದಿ ಇಲ್ಲಿ ಕಾಲಕೆಳಗೆ ಸಿಗುತ್ತದೆ.

ಕುಡಿಯುವ ನೀರಿನ ಜಾಗವಾದ್ದರಿಂದಲೇ ಈ ದಿಬ್ಬಗಳು ಉಳಿದವು. ಇಲ್ಲದಿದ್ದರೆ ಹೋಟೆಲು, ವಿಲ್ಲಾ ಎದ್ದು ಎಂದೋ ಮುಗಿದುಹೋಗುತ್ತಿತ್ತು. ಉತ್ತರ ಹಾಲೆಂಡಿನ ದಿಬ್ಬಸಾಲು, ಸುಮಾರು 5,300 ಹೆಕ್ಟೇರ್, ಇಂದಿಗೂ ನೀರು ಸರಬರಾಜು ಕಂಪನಿಯ ಸುಪರ್ದಿಯಲ್ಲಿದೆ. ಒಳಗೆ ಹೋಗಲು ಟಿಕೆಟ್. ಗೇಟು ದಾಟಿದರೆ ನುರಿದ ಚಿಪ್ಪು ಹಾಸಿದ ಬಿಳಿ ದಾರಿ. ಟೈರಿನಡಿ ಅದು ಹಪ್ಪಳ ಮುರಿದಂತೆ ಸದ್ದು ಮಾಡುತ್ತದೆ. ಮಳೆ ಬಂದರೂ ಕೆಸರಾಗುವುದಿಲ್ಲ, ನೀರು ಇಂಗಿ ಹೋಗುತ್ತದೆ, ಸುಣ್ಣ ಬಿಗಿದುಕೊಂಡು ನೆಲ ಗಟ್ಟಿಯಾಗುತ್ತದೆ. ಸೈಕಲ್ಲಿಗೆ ಮಾತ್ರ ಮನೆಗೆ ಹೋದ ಮೇಲೆ ಚೆನ್ನಾಗಿ ಸ್ನಾನ ಮಾಡಿಸಬೇಕು, ಆ ಬಿಳಿ ರಾಡಿ ಚೈನು–ಬ್ರೇಕಿಗೆ ಅಂಟಿದರೆ ಬಿಡುವುದಿಲ್ಲ.

ಹಾರುವ ಮರಳನ್ನು ಕಟ್ಟಿಹಾಕಲು ಇಲ್ಲಿಯೂ ಶತಮಾನಗಳ ಕಾಲ ಕೈಯಿಂದ ಹುಲ್ಲು ನೆಟ್ಟರು. ಈಗ ಹಾರ್ಲೆಮ್ ಬಳಿಯ ಕಡಲ ದಿಬ್ಬದಲ್ಲಿ ಬುಲ್ಡೋಜರ್ ತಂದು ಬೇಕೆಂದೇ ಕಂಡಿ ಕೊರೆದಿದ್ದಾರೆ, ಗಾಳಿ ಮರಳನ್ನು ಒಳಕ್ಕೆ ಹೊತ್ತು ತರಲಿ ಎಂದು. ಪಕ್ಕದಲ್ಲೇ ಬೇಲಿಯೊಳಗೆ 2007ರಿಂದ ಯೂರೋಪಿನ ಕಾಡೆಮ್ಮೆಗಳನ್ನು ಬಿಟ್ಟು ಹುಲ್ಲು ಮೇಯಿಸುತ್ತಿದ್ದಾರೆ.

ಕಾರಿಲ್ಲದ ಮಾತ್ರಕ್ಕೆ ಜಗಳವಿಲ್ಲವೆಂದಲ್ಲ. ನಾಯಿ ಹಿಡಿದು ನಡೆಯುವವರು, ಕುದುರೆಯವರು, ಗುಂಪಾಗಿ ನುಗ್ಗುವ ರೇಸಿನವರು, ಎಲೆಕ್ಟ್ರಿಕ್ ಸೈಕಲ್ಲಿನ ಅಜ್ಜಂದಿರು ಎಲ್ಲರಿಗೂ ಎರಡು ಮೀಟರಿನ ದಾರಿಯೇ ಬೇಕು. ಭಾನುವಾರ ಮಧ್ಯಾಹ್ನ ದಯವಿಟ್ಟು ಬೇರೆಲ್ಲಾದರೂ ಹೋಗಿ.

ಪಾಂಡವಪುರದ ಆ ತಾಯಿ ಕಂಡದ್ದರಲ್ಲಿ ತಪ್ಪೇನಿಲ್ಲ. ವಿಶ್ವೇಶ್ವರಯ್ಯ ನಾಲೆಯ ಏರಿಯೂ ತುಂಗಭದ್ರೆಯ, ಭದ್ರೆಯ ಕಾಲುವೆಗಳ ಏರಿಯೂ ತಪಾಸಣೆಗೆಂದು ಮಾಡಿದ ಮಣ್ಣುದಾರಿಗಳೇ. ತೆಂಗು, ಭತ್ತ, ಕಬ್ಬಿನ ನಡುವೆ ಹರಿಯುವ ನೀರಿನ ಜೊತೆಜೊತೆಗೆ ಸಾಗುತ್ತವೆ, ಏರಿಳಿತವೇ ಇಲ್ಲ. ಆದರೆ ಅಲ್ಲಿ ಬೀಗದ ಕಂಬ ಇಲ್ಲ. ಟ್ರ್ಯಾಕ್ಟರು, ಕಾರು, ಬಸ್ಸು ಎಲ್ಲವೂ ಓಡುತ್ತವೆ, ನಾಲೆಗೆ ತಡೆಗೋಡೆ ಬಹಳ ಕಡೆ ಇಲ್ಲ. 2018ರ ನವೆಂಬರಿನಲ್ಲಿ ಕನಗನಮರಡಿ ಬಳಿ ಖಾಸಗಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಜನ ಸತ್ತರು, ಅವರಲ್ಲಿ ಶಾಲೆಯಿಂದ ಮನೆಗೆ ಹೊರಟಿದ್ದ ಮಕ್ಕಳೂ ಇದ್ದರು. ಏರಿಯ ಎಲ್ಲ ಕಡೆ ವಾಹನ ನಿಲ್ಲಿಸಲಾಗದು, ಹಳ್ಳಿಗಳಿಗೆ ಬೇರೆ ರಸ್ತೆ ಇಲ್ಲದ ಕಡೆ ಅದೇ ರಸ್ತೆ. ಇನ್ನೊಂದು ದಡದಲ್ಲಾದರೂ ಕಂಬ ನೆಟ್ಟು ಕೀಲಿಯನ್ನು ನೀರಗಂಟಿಯ ಕೈಗೆ ಕೊಡಬಹುದು. ಸೈಕಲ್ಲಿನವರಿಗಿಂತ ಮೊದಲು ಅದರ ಲಾಭ ಶಾಲೆಗೆ ನಡೆಯುವ ಮಕ್ಕಳಿಗೆ. ಕಾಡಿನ ಮಾತು ಬೇರೆ. ಆನೆ, ಹುಲಿ ಇರುವ ನಮ್ಮ ಕಾಡಿಗೆ ಫೆಲುವೆಯ ಲೆಕ್ಕ ಹಚ್ಚುವುದು ಹುಡುಗಾಟಿಕೆ.

ಯೂರೋಪಿನಲ್ಲಿರುವ ಕನ್ನಡಿಗರು, ಅಥವಾ ಅಲ್ಲಿಗೆ ಹೋಗುವವರು ಹೊರಡುವ ಮುನ್ನ ಒಂದಿಷ್ಟು ತಿಳಿದುಕೊಂಡಿರಲಿ. ಸೈಕಲ್ಲನ್ನು ರೈಲಿನಲ್ಲಿ ಒಯ್ಯಲು ಬೇರೆ ಟಿಕೆಟ್ ಬೇಕು, ವಾರದ ದಿನಗಳ ಬೆಳಗಿನ ಮತ್ತು ಸಂಜೆಯ ನೂಕುನುಗ್ಗಲಿನಲ್ಲಿ ಹತ್ತಿಸಿಕೊಳ್ಳುವುದಿಲ್ಲ. ಕಾಡಿನ ದಾರಿಗಳು ಸಾಮಾನ್ಯವಾಗಿ ಸೂರ್ಯೋದಯದಿಂದ ಸೂರ್ಯಾಸ್ತದವರೆಗೆ ಮಾತ್ರ. ನದಿ ದಾಟಲು ಸೈಕಲ್ಲಿಗೆಂದೇ ಇರುವ ಪುಟ್ಟ ದೋಣಿಗಳನ್ನು ಅನೇಕ ಕಡೆ ನಿವೃತ್ತರು ಸ್ವಯಂಸೇವೆಯಿಂದ ನಡೆಸುತ್ತಾರೆ, ಚಳಿಗಾಲದಲ್ಲಿ ಬಹಳಷ್ಟು ಬಂದ್. ದಡದಲ್ಲಿ ಗಂಟೆಯಿದ್ದರೆ ಬಾರಿಸಿ ಕಾಯುವುದು. ಆಮ್ಸ್ಟರ್‌ಡಾಂ ನಗರದ ನೀರಿನ ದಿಬ್ಬಗಳಿಗೆ ಸೈಕಲ್ಲೇ ನಿಷಿದ್ಧ, ನಡೆದೇ ನೋಡಬೇಕು. ಹೆದರ್ ಅರಳುವುದು ಆಗಸ್ಟ್ ಕೊನೆಗೆ. ಇನ್ನು ನಾನು ಇಲ್ಲಿ ಬರೆದಿರುವ ಕ್ರಮದಲ್ಲಿ, ನದಿಯಿಂದ ಕಾಡಿಗೆ, ಕಾಡಿನಿಂದ ಕಡಲಿಗೆ ಹೊರಡಬೇಡಿ. ಗಾಳಿ ಅಲ್ಲಿ ಹೆಚ್ಚಾಗಿ ನೈರುತ್ಯದಿಂದ ಬೀಸುತ್ತದೆ. ರೈಲಿನಲ್ಲಿ ಕಡಲ ಕಡೆಗೆ ಹೋಗಿ, ಅಲ್ಲಿಂದ ಸೈಕಲ್ ಹತ್ತಿ, ಬೆನ್ನಿಗೆ ಗಾಳಿ ಹಾಕಿಕೊಂಡು ಬನ್ನಿ.